ಮಾರ್ಕೆಟ್ ಬಿದ್ದಾಗ ಸಣ್ಣ ಸಾಫ್ಟ್‌ವೇರ್ ಕಂಪನಿ ನಡಸೂದು ಹೆಂಗ

2019ರ ಶ್ರಾವಣದಾಗ ಬೆಳಗಾವಿಯ ಕಾರ್ಖಾನಿ ಏರಿಯಾ ಉದ್ಯಮಬಾಗದ ಒಬ್ಬರು ಫೌಂಡ್ರಿ (ಎರಕದ ಕಾರ್ಖಾನಿ) ಮಾಲಕರು ಫೋನ್ ಮಾಡಿ, "ತಮ್ಮಾ, ನಿನ್ನ ಸಾಫ್ಟ್‌ವೇರ್ ಚಲೋ ಐತಿ, ಆದ್ರ ಈಗ ಬ್ಯಾಡ, ಮೂರು ಪಾಳಿ ಇದ್ದದ್ದು ಒಂದಕ್ಕ ಬಂದೈತಿ, ದೀಪಾವಳಿ ಆಗ್ಲಿ ನೋಡೂಣು" ಅಂದ್ರು. ಅದೇ ವಾರದಾಗ ಇನ್ನೂ ಇಬ್ಬರದು ಇದೇ ಮಾತು. ಆ ವರ್ಷ ದೇಶದಾಗ ಕಾರು ಲಾರಿ ಮಾರಾಟ ಬಿದ್ದಿತ್ತು, ಗಾಡಿ ಕಂಪನಿ ಆರ್ಡರ್ ನಿಂತ್ರ ಇಲ್ಲಿ ಎರಕಾ ಹೊಯ್ಯೂದು ನಿಲ್ತೈತಿ, ಅದು ನಿಂತ್ರ ಅವರಿಗೆ ಸಾಫ್ಟ್‌ವೇರ್ ಮಾರೂ ನಾವೂ ನಿಂತಂಗನ. ನಮ್ಮದು ಆಗ ತಿಳಕವಾಡಿಯೊಳಗ ಎರಡು ಖೋಲಿ ಆಫೀಸು, ಎಂಟು ಮಂದಿ.

(ನಮ್ಮ ಮಾರ್ಕೆಟ್‌ನಾಗ ಇಂಥಾ ಟೈಮಿಗೆ "ಮಂದಿ" ಅಂತಾರ, ಮರಾಠಿ ಮಾತು ಅದು. ಕನ್ನಡದಾಗ ಮಂದಿ ಅಂದ್ರ ಜನ. ಹಿಂಗಾಗಿ ಬೆಳಗಾವಿಯೊಳಗ ಮಂದಿ ಬಂತು ಅಂದ್ರ ಅಂಗಡಿಗೆ ಮಂದಿ ಬರೂದು ಬಂದ್ ಆತು ಅಂತ ತಿಳ್ಕೋಬೇಕು.)

ಅದಾದ ಮ್ಯಾಲ 2020ರ ಲಾಕ್‌ಡೌನ್ ಬಂತು, 2022ರಾಗ ಸ್ಟಾರ್ಟಪ್‌ಗೆ ಫಂಡಿಂಗ್ ಬತ್ತಿ ಹೋತು, ಮೂರೂ ನೋಡಿದ್ವಿ. ಈಗ ಹೊಸದಾಗಿ ಕಂಪನಿ ಮಾಡಿದ ಹುಡುಗರು ಕೇಳ್ತಾರ, ಅಣ್ಣಾ ಮಾರ್ಕೆಟ್ ಬಿದ್ರ ಏನ ಮಾಡ್ಬೇಕು ಅಂತ. ನಾ ಮಾಡಿದ್ದು, ಮಾಡ್ಬಾರದಿತ್ತು ಅನ್ನಿಸಿದ್ದು, ದೊಡ್ಡ ಕಂಪನಿಗಳು ಮಾಡಿದ್ದು, ಎಲ್ಲಾ ಇಲ್ಲಿ ಬರದೇನಿ.

ಬ್ಯಾಂಕಿನಾಗ ಎಷ್ಟು ತಿಂಗಳು ಉಳದಾವ?

ಎಷ್ಟು ರೂಪಾಯಿ ಅಂತ ಕೇಳಾಕತ್ತಿಲ್ಲ, ಎಷ್ಟು ತಿಂಗಳು. ಬ್ಯಾಂಕಿನಾಗ ಇದ್ದ ರೊಕ್ಕಾನ ತಿಂಗಳ ಖರ್ಚಿನಿಂದ ಭಾಗಿಸ್ರಿ, ಮುಗೀತು. ಬರಬೇಕಾದ ಬಾಕಿ ಇದರಾಗ ಸೇರಿಸಬ್ಯಾಡ್ರಿ, ಬಾಕಿ ಅನ್ನೂದು ಬರೂತನಕ ರೊಕ್ಕ ಅಲ್ಲ. ಆಮ್ಯಾಲ ಒಂದು ಎಕ್ಸೆಲ್ ಶೀಟಿನಾಗ ಮುಂದಿನ 13 ವಾರ ಬರದು, ಯಾವ ವಾರ ಏನು ಬರ್ತೈತಿ, ಏನು ಹೋಗ್ತೈತಿ ಅಂತ ತುಂಬ್ರಿ. ವಾರವಾರ ಯಾಕಂದ್ರ ತಿಂಗಳ ಲೆಕ್ಕದಾಗ ಎಲ್ಲಾ ಚಲೋ ಕಾಣಸ್ತೈತಿ, ಆದ್ರ ಪಗಾರ ಒಂದನೇ ತಾರೀಖಿಗೆ ಹೋಗ್ತೈತಿ, ಗಿರಾಕಿ ಚೆಕ್ಕು ಇಪ್ಪತ್ತೆಂಟಕ್ಕ ಬರ್ತೈತಿ.

ಇದರಾಗ ಹೊಸಬರು ಮರಿಯೂದು ಜಿಎಸ್‌ಟಿ. ನೀವು 1 ಲಕ್ಷದ ಟ್ಯಾಕ್ಸ್ ಇನ್ವಾಯ್ಸ್ ಕೊಟ್ರಿ ಅಂದ್ರ, ಗಿರಾಕಿ ಒಂದು ರೂಪಾಯಿ ಕೊಡದಿದ್ರೂ ಅದರ ಮ್ಯಾಲಿನ 18,000 ಮುಂದಿನ ತಿಂಗಳು ನೀವು ಸರ್ಕಾರಕ್ಕ ತುಂಬಬೇಕು. ಮಾರ್ಕೆಟ್ ಚಲೋ ಇದ್ದಾಗ ಇದು ಗೊತ್ತಾಗಂಗಿಲ್ಲ, ಬಿದ್ದಾಗ ಬರದ ರೊಕ್ಕಕ್ಕ ಟ್ಯಾಕ್ಸ್ ಕಟ್ಟಿ ಕಟ್ಟಿ ಸೋತು ಹೋಗ್ತೀರಿ. ಅಡ್ವಾನ್ಸ್ ತಗೊಂಡು ಕೆಲಸ ಮಾಡೂದಿದ್ರ ಮೊದಲ ಪ್ರೊಫಾರ್ಮಾ (ರೊಕ್ಕ ಕೇಳೂ ಕಚ್ಚಾ ಬಿಲ್ಲು) ಕಳಸ್ರಿ, ರೊಕ್ಕ ಬಂದ ದಿನ ಇನ್ವಾಯ್ಸ್ ಮಾಡ್ರಿ. ಕೆಲಸ ಮುಗದಿದ್ರ ಬ್ಯಾರೆ ನಿಯಮ ಅದಾವ, ಸಿಎ ಅವರನ್ನ ಕೇಳ್ರಿ.

ಸರ್ವರ್ ಬಿಲ್ಲು ಡಾಲರ್ ಹಿಡಕೊಂಡು ಬರ್ತಿದ್ರ ಅದನ್ನೂ ನೋಡ್ರಿ, ಹೊರಗ ಗಾಳಿ ಬೀಸಿದ್ರ ರೂಪಾಯಿ ಇಳೀತೈತಿ, ನೀವು ಏನೂ ಮಾಡದನ ಬಿಲ್ಲು ಏರ್ತೈತಿ. ಟೆಸ್ಟ್ ಸರ್ವರು ರಾತ್ರಿ ಬಂದ್ ಮಾಡೂದು, ಹಳೇ ಬ್ಯಾಕಪ್ ಅಳಸೂದು ಇಂಥಾ ಕೆಲಸ ಒಂದು ಶನಿವಾರದಾಗ ಮುಗೀತೈತಿ. ನಮ್ಮಲ್ಲಿ ಎರಡು ವರ್ಷದ ಹಿಂದ ಬಿಟ್ಟು ಹೋದ ಗಿರಾಕಿ ಒಬ್ಬಂದು ಸರ್ವರ್ ಇನ್ನೂ ತಿರಗಾಕತ್ತಿತ್ತು, ದೆವ್ವ ಇದ್ದಂಗ.

ಗಿರಾಕಿ ಯಾವುದಕ್ಕ ಇನ್ನೂ ರೊಕ್ಕ ಬಿಚ್ಚಾಕತ್ತಾನ

ನನ್ನ ಪ್ರಕಾರ ಇಡೀ ವಿಷಯದಾಗ ಮುಖ್ಯ ಇದೊಂದ. ಮಾರ್ಕೆಟ್ ಬಿತ್ತು ಅಂದ ಮಾತ್ರಕ್ಕ ಗಿರಾಕಿ ಖರ್ಚು ಮಾಡೂದು ಬಿಡಂಗಿಲ್ಲ, ಹೊಸಾದಕ್ಕ ಹಾಕೂದು ಬಿಡ್ತಾನ. ಹೊಸಾ ಮಶೀನು, ಹೊಸಾ ಸಾಫ್ಟ್‌ವೇರು, ಹೊಸಾ ಬಿಲ್ಡಿಂಗು ಎಲ್ಲಾ "ನೋಡೂಣು" ಆಗ್ತಾವ. ಆದ್ರ ಕರೆಂಟ್ ಬಿಲ್ಲು, ಸ್ಕ್ರ್ಯಾಪು, ಪಗಾರ, ಬ್ಯಾಂಕಿನ ಕಂತು ತಪ್ಪಂಗಿಲ್ಲ. ನಿಮ್ಮ ಬಿಲ್ಲು ಆ "ನೋಡೂಣು" ಗುಂಪಿನಾಗಿಂದ ಎದ್ದು ಈ ತಪ್ಪದ ಖರ್ಚಿನ ಗುಂಪಿನಾಗ ಹೋಗಿ ಕುಂಡ್ರಬೇಕು, ಇಲ್ಲಾ ಆ ತಪ್ಪದ ಖರ್ಚನ್ನ ಕಡಿಮಿ ಮಾಡ್ಬೇಕು. ಉಳದದ್ದೆಲ್ಲಾ ಇದರ ಮ್ಯಾಲಿನ ಮಾತು.

ನಾವು ಫೌಂಡ್ರಿಗೆ ಇಆರ್‌ಪಿ, ಅಂದ್ರ ಸ್ಟಾಕು, ಪ್ರೊಡಕ್ಷನ್, ಲೆಕ್ಕ ಎಲ್ಲಾ ಒಂದ ಕಡೆ ನೋಡೂ ಸಾಫ್ಟ್‌ವೇರ್ ಮಾರಾಕತ್ತಿದ್ವಿ. ಡ್ಯಾಶ್‌ಬೋರ್ಡು, ಬಣ್ಣಬಣ್ಣದ ಚಾರ್ಟು. ಮೂರು ಪಾಳಿ ಇದ್ದಾಗ ಮಾಲಕರಿಗೆ ಅದು ಚಂದ ಕಾಣತಿತ್ತು, ಒಂದು ಪಾಳಿ ಆದಾಗ ಯಾರಿಗೂ ಬ್ಯಾಡಾತು. ಆಗ ನಾನು ಒಂದು ವಾರ ಲ್ಯಾಪ್‌ಟಾಪ್ ಆಫೀಸಿನ್ಯಾಗ ಬಿಟ್ಟು ಬರೇ ಡೈರಿ ಹಿಡಕೊಂಡು ಫೌಂಡ್ರಿ ಫೌಂಡ್ರಿ ತಿರಗಿ ಒಂದ ಪ್ರಶ್ನೆ ಕೇಳಿದೆ, ಈ ತಿಂಗಳು ನಿಮಗ ನಿದ್ದಿ ಕೆಡಸಿದ ಬಿಲ್ಲು ಯಾವುದ್ರಿ? ಹತ್ತರಾಗ ಏಳು ಮಂದಿ ಕರೆಂಟ್ ಬಿಲ್ಲು ಅಂದ್ರು. ಇಂಡಕ್ಷನ್ ಫರ್ನೇಸ್ (ಕರೆಂಟಿನ ಕುಲುಮಿ) ಕರೆಂಟ್ ತಿನ್ನೂದು ಅಷ್ಟಿಷ್ಟಲ್ಲ, ಮ್ಯಾಲ ಕರೆಂಟ್ ಕಂಪನಿ ಹೆಸ್ಕಾಂನ ಎಚ್‌ಟಿ (ಹೈ ಟೆನ್ಷನ್) ಬಿಲ್ಲಿನಾಗ ಯೂನಿಟ್ಟಿಗೆ ಬ್ಯಾರೆ, ಡಿಮಾಂಡಿಗೆ (ಒಮ್ಮಿಗೆ ಎಳಿಯೂ ಲೋಡಿಗೆ) ಬ್ಯಾರೆ ಹಾಕ್ತಾರ. ಒಪ್ಪಂದ ಮಾಡ್ಕೊಂಡ ಕೆವಿಎ (ಲೋಡಿನ ಅಳತಿ) ದಾಟಿ ಒಮ್ಮೆ ಮ್ಯಾಲ ಹೋದ್ರ ಆ ತಿಂಗಳಿಗೆ ಹೆಚ್ಚಿನ ರೇಟು ಬೀಳ್ತೈತಿ. ಎರಡು ಫರ್ನೇಸ್ ಮತ್ತ ಕಂಪ್ರೆಸರ್ ಒಮ್ಮಿಗೆ ಚಾಲೂ ಮಾಡಿದ ಒಂದು ತಪ್ಪಿಗೆ ಇಡೀ ತಿಂಗಳು ದಂಡ ಕೊಡೂದು.

ನಾವು ಆರು ವಾರದಾಗ ಒಂದು ಸಣ್ಣ ಸಾಮಾನು ಮಾಡಿದ್ವಿ, ಮೀಟರಿನಿಂದ ರೀಡಿಂಗ್ ತಗೊಂಡು, ಡಿಮಾಂಡ್ ಮಿತಿ ಹತ್ತರ ಬಂದ್ರ ಸೂಪರ್‌ವೈಸರ್ ಫೋನಿಗೆ ಮೆಸೇಜ್, ಅಷ್ಟ. ಚಾರ್ಟಿಲ್ಲ ಬಣ್ಣಿಲ್ಲ. ಇಆರ್‌ಪಿ ಬ್ಯಾಡ ಅಂದವರ ಇದನ್ನ ತಗೊಂಡ್ರು, ಯಾಕಂದ್ರ ಅವರ ಮನಸಿನಾಗ ಇದು ಸಾಫ್ಟ್‌ವೇರ್ ಖರ್ಚು ಅಲ್ಲ, ಕರೆಂಟ್ ಬಿಲ್ಲು ಇಳಿಸೂ ಖರ್ಚು.

ಇದನ್ನ ದೊಡ್ಡವರೂ ಮಾಡ್ಯಾರ. ಸಾಫ್ಟ್‌ವೇರ್ ಕಂಪನಿ ಜೋಹೊ ಇವತ್ತು ಎಲ್ಲರಿಗೂ ಗೊತ್ತು, ಆದ್ರ ಅದು 1996ರಾಗ ಅಡ್ವೆಂಟ್‌ನೆಟ್ ಅಂತ ಸುರು ಆತು, ಟೆಲಿಕಾಂ ಸಾಮಾನು ಮಾಡೂ ಕಂಪನಿಗಳಿಗೆ ನೆಟ್‌ವರ್ಕ್ ನೋಡ್ಕೊಳ್ಳೂ ಸಾಫ್ಟ್‌ವೇರ್ ಮಾರ್ತಿತ್ತು. ಡಾಟ್‌ಕಾಂ ಗುಳ್ಳಿ ಒಡದು, ಅಂದ್ರ ಇಂಟರ್ನೆಟ್ ಕಂಪನಿಗಳ ಷೇರು ಕುಸದು, ಟೆಲಿಕಾಂ ನೆಲ ಕಚ್ಚಿದಾಗ ಅವರ ಗಿರಾಕಿಗಳ ಖಾಲಿ ಆದ್ರು. ಅವರು ಏನ ಮಾಡಿದ್ರಂದ್ರ ಅದೇ ಇಂಜಿನಿಯರು, ಅದೇ ವಿದ್ಯಾ, ಗಿರಾಕಿ ಮಾತ್ರ ಬದಲಿ. ಎಲ್ಲಾ ತರದ ಕಂಪನಿಗಳ ಐಟಿ ವಿಭಾಗಕ್ಕ ಮ್ಯಾನೇಜ್‌ಇಂಜಿನ್ ಅಂತ ಮಾರಾಕ ಹತ್ತಿದ್ರು, 2005ರಾಗ ಜೋಹೊ ಬಂತು. ಪ್ರವಾಸದವರಿಗೆ ಮನಿ ಬಾಡಿಗಿ ಕೊಡಿಸೂ ಏರ್‌ಬಿಎನ್‌ಬಿ 2020ರ ಮೇ ತಿಂಗಳದಾಗ ನಾಲ್ಕರಾಗ ಒಬ್ಬರನ್ನ, ಸುಮಾರು 1,900 ಮಂದೀನ ತೆಗದಿದ್ದು ಎಲ್ಲರಿಗೂ ನೆನಪೈತಿ, ಆದ್ರ ಜೊತಿಗೆ ಅವರು ಹೊಸಾ ಹೊಸಾ ಸೈಡ್ ಧಂದೆಗಳನ್ನ ಬಂದ್ ಮಾಡಿ, ಮನಿಗೆ ಹತ್ತರದ ಊರಿಗೆ ಕಾರಿನಾಗ ಹೋಗಿ ವಾರಗಟ್ಟಲೆ ಇರೂ ಗಿರಾಕಿಗೆ ವೆಬ್‌ಸೈಟ್ ತಿರುವಿದ್ದು ಭಾಳ ಮಂದಿಗೆ ಗೊತ್ತಿಲ್ಲ. ಅದೇ ಡಿಸೆಂಬರ್‌ದಾಗ ಷೇರ್ ಮಾರ್ಕೆಟ್‌ಗೂ ಬಂದ್ರು.

ಇನ್ನೊಂದು, ಮಾರ್ಕೆಟ್ ಬೀಳೂದು ಎಲ್ಲಾರಿಗೂ ಒಮ್ಮಿಗೆ ಅಲ್ಲ. ಫೌಂಡ್ರಿ ಮಲಗಿದಾಗ ಸಕ್ಕರಿ ಕಾರ್ಖಾನಿ ಸೀಸನ್ ನಡದಿರ್ತೈತಿ, ದವಾಖಾನಿ, ಕಿರಾಣಿ ಹೋಲ್‌ಸೇಲು ಇವಕ್ಕ ಬ್ಯಾರೆನ ಗಾಳಿ. ನಿಮ್ಮ ಗಿರಾಕಿ ಪಟ್ಟಿ ತಗೊಂಡು ಅವರ ಧಂದೆ ಹೆಂಗೈತಿ ಅಂತ ಎದುರಿಗೆ ಬರೀರಿ. ಎಲ್ಲಾರೂ ಒಂದ ಧಂದೆದಾಗ ಇದ್ರ ನೀವು ಸಾಫ್ಟ್‌ವೇರ್ ಕಂಪನಿ ಅಲ್ಲ, ನೀವೂ ಒಂದು ಫೌಂಡ್ರಿ, ಫರ್ನೇಸ್ ಒಂದಿಲ್ಲ ಅಷ್ಟ.

ಲೈಸನ್ಸ್ ಬಿಟ್ಟು ತಿಂಗಳ ಬಾಡಿಗಿಗೆ ಹೋಗೂದು, ಮತ್ತ ಅಲ್ಲಿ ಇರೂ ಗುಂಡಿ

ಮಾರ್ಕೆಟ್ ಬಿದ್ದಾಗ ಎಲ್ಲಾರೂ ಹೇಳೂ ಮಾತು ಇದು, ಒಮ್ಮಿಗೆ 1.2 ಲಕ್ಷ ಕೇಳಿದ್ರ ಯಾರೂ ಕೊಡಂಗಿಲ್ಲ, ತಿಂಗಳಿಗೆ 4,500 ಕೇಳ್ರಿ ಕೊಡ್ತಾರ. ಖರೇನ. ಆದ್ರ ಪೂರ್ತಿ ಖರೇ ಅಲ್ಲ, ಇಲ್ಲೇ ನಾನು ಬಿದ್ದದ್ದು, ಹಂಗಾಗಿ ಲೆಕ್ಕ ಬಿಡಿಸಿ ಹೇಳ್ತೇನಿ, ಪೆನ್ನು ತಗೋರಿ.

ಪ್ರತಿ ವರ್ಷ ಮೊದಲ ಹತ್ತು ತಿಂಗಳು ತಿಂಗಳಿಗೆ ಒಬ್ಬರಂಗ ಹತ್ತು ಹೊಸಾ ಗಿರಾಕಿ ಸಿಗ್ತಾರ ಅನ್ರಿ. ಲೈಸನ್ಸ್ ಆದ್ರ ಮೊದಲನೇ ವರ್ಷ 12 ಲಕ್ಷ. ಎರಡನೇ ವರ್ಷ ಹೊಸಾ ಹತ್ತರ 12 ಲಕ್ಷ, ಮ್ಯಾಲ ಹಳೇ ಹತ್ತರ ಎಎಂಸಿ (ವರ್ಷದ ಮೇಂಟೆನನ್ಸ್) 18 ಪರ್ಸೆಂಟ್ ಹಿಡದ್ರ 2.16 ಲಕ್ಷ. ಈಗ ಬಾಡಿಗಿ ನೋಡ್ರಿ. ಮೊದಲನೇ ಗಿರಾಕಿ 12 ತಿಂಗಳು ಕೊಡ್ತಾನ, ಎರಡನೇದವ 11, ಹಿಂಗ ಹತ್ತನೇದವ 3. ಎಲ್ಲಾ ಕೂಡಿ 75 ತಿಂಗಳ ಬಾಡಿಗಿ, ಅಂದ್ರ 3,37,500. ಎಲ್ಲಿ 12 ಲಕ್ಷ ಎಲ್ಲಿ ಮೂರೂಕಾಲು! ಯಾರೂ ಬಿಟ್ಟು ಹೋಗಲಿಲ್ಲ ಅಂದ್ರ ಎರಡನೇ ವರ್ಷ 8,77,500, ಮೂರನೇ ವರ್ಷ 14,17,500, ನಾಲ್ಕನೇ ವರ್ಷಕ್ಕ 19,57,500 ಆಗಿ ಲೈಸನ್ಸ್ ಲೆಕ್ಕಾನ ದಾಟ್ತೈತಿ. ನಾಲ್ಕನೇ ವರ್ಷಕ್ಕ! ಅಲ್ಲೀತನಕ ಪಗಾರ ಯಾರು ಕೊಡ್ತಾರ?

ಅಡೋಬಿಗೂ ಇದೇ ಆಗಿತ್ತು. 2013ರಾಗ ಅವರು ಡಬ್ಬಿಯೊಳಗ ಸಾಫ್ಟ್‌ವೇರ್ ಮಾರೂದು ಬಿಟ್ಟು ಇನ್ನ ಮುಂದ ಫೋಟೋಶಾಪ್‌ನಂಥಾ ಸಾಫ್ಟ್‌ವೇರಿನ ಹೊಸಾ ವರ್ಶನ್ ಚಂದಾದಾಗ ಮಾತ್ರ ಅಂದ್ರು. 2012ರಾಗ 440 ಕೋಟಿ ಡಾಲರ್ ಇದ್ದ ಆದಾಯ 2013ರಾಗ ಸುಮಾರು 405 ಕೋಟಿಗೆ ಇಳೀತು, 2015ರಾಗ ಸುಮಾರು 480 ಕೋಟಿ ಆತು. ಆ ಗುಂಡಿ ದಾಟಾಕ ಅವರ ಹತ್ತರ ರೊಕ್ಕ ಇತ್ತು. ನಮ್ಮ ಹತ್ತರ ಇರಂಗಿಲ್ಲ.

ಹಂಗಾದ್ರ ಏನ ಮಾಡೂದು? ಒಂದು, ಎಲ್ಲಾರನ್ನೂ ಒಮ್ಮಿಗೆ ಬಾಡಿಗಿಗೆ ತರಬ್ಯಾಡ್ರಿ. ಹಳೇ ಎಎಂಸಿ ಗಿರಾಕಿ ಹಂಗ ಇರ್ಲಿ, ಹೊಸಬರಿಗೆ ಮಾತ್ರ ಬಾಡಿಗಿ. ಎರಡು, ವರ್ಷದ್ದು ಒಮ್ಮಿಗೆ ಕೊಟ್ರ ಹತ್ತು ತಿಂಗಳದ್ದು ತಗೋರಿ, 54,000ದ ಬದಲಿ 45,000. ಹೋದ ಎರಡು ತಿಂಗಳಿಗೆ ಅಳಬ್ಯಾಡ್ರಿ, ಅದು ಬ್ಯಾಂಕಿಗೆ ಕೊಡೂ ಬಡ್ಡಿ ಅಂತ ತಿಳೀರಿ, ಸಾಲಾ ಕೊಡೂ ಬ್ಯಾಂಕ್ ನಿಮ್ಮ ಗಿರಾಕಿ. ಮೂರು, ಇನ್‌ಸ್ಟಾಲೇಶನ್, ಟ್ರೇನಿಂಗ್, ಹಳೇ ಡೇಟಾ ತುಂಬೂದು ಇದಕ್ಕ ಬ್ಯಾರೆ ಚಾರ್ಜ್ ಮೊದಲ ತಗೋರಿ.

ವಸೂಲಿ ವಿಷಯಾನೂ ಹೇಳ್ಬೇಕು. ಯುಪಿಐ ಆಟೋಪೇ 15,000 ತನಕ ಪ್ರತಿ ಸಲ ಪಿನ್ ಕೇಳಂಗಿಲ್ಲ, ಹೊಸ ಹುಡುಗರ ಅಂಗಡಿಗೆ ಅದು ಚಲೋ. ಆದ್ರ ಹಳೇ ಮಾಲಕರಿಗೆ ಹೇಳಿ ನೋಡ್ರಿ, "ನನ್ನ ಖಾತೆದಾಗಿಂದ ನನ್ನ ಕೇಳದ ನೀ ರೊಕ್ಕ ತಗೋತಿಯೇನೋ?" ಅಂತ ಕಣ್ಣು ಬಿಡ್ತಾರ. ಅಂಥವರ ಕಡೆ ಮುಂದಿನ ತಾರೀಖಿನ ನಾಲ್ಕು ಚೆಕ್ಕು ತಗೊಂಡು ಬರ್ರಿ, ಮೂರು ತಿಂಗಳಿಗೊಂದರಂಗ. ಅದು ಅವರಿಗೆ ಗೊತ್ತಿರೂ ಪದ್ಧತಿ.

ರೇಟು ಇಳಿಸಬ್ಯಾಡ್ರಿ

ಖಾನಾವಳಿ ನೋಡ್ರಿ. ಗಿರಾಕಿ ಕಡಿಮಿ ಆದ್ರು ಅಂತ ಪೂರ್ತಿ ಊಟದ ರೇಟು ಅರ್ಧ ಮಾಡಂಗಿಲ್ಲ, ಎರಡು ರೊಟ್ಟಿ ಒಂದು ಪಲ್ಯಾದ ಸಣ್ಣ ತಾಟು ಇಡ್ತಾರ. ಸಾಫ್ಟ್‌ವೇರ್‌ಗೂ ಹಂಗ. 1.2 ಲಕ್ಷದ್ದನ್ನ 70 ಸಾವಿರಕ್ಕ ಕೊಟ್ರ ನಾಳೆ ಮಾರ್ಕೆಟ್ ಎದ್ದಾಗ್ಲೂ ನಿಮ್ಮ ರೇಟು 70ನ, ಮ್ಯಾಲ ಮೊದಲ 1.2 ಕೊಟ್ಟವ ಬಂದು ಜಗಳಾ ತಗೀತಾನ, ಉದ್ಯಮಬಾಗ ಎಷ್ಟು ದೊಡ್ಡದು, ಸಂಜಿಗೆಲ್ಲಾ ಎಲ್ಲಾರಿಗೂ ಗೊತ್ತಾಗಿರ್ತೈತಿ. ದೊಡ್ಡದರ ರೇಟು ಹಂಗ ಇಟ್ಟು, ಕಡಿಮಿ ರೇಟಿಗೆ ಬ್ಯಾರೆ ಸಣ್ಣ ಸಾಮಾನು ಮಾಡ್ರಿ, ಯೂಸರ್ ಕಡಿಮಿ, ರಿಪೋರ್ಟ್ ಕಡಿಮಿ, ಫೋನ್ ಸಪೋರ್ಟ್ ಇಲ್ಲ, ವಾಟ್ಸಾಪ್ ಮಾತ್ರ.

ನೆಟ್‌ಫ್ಲಿಕ್ಸ್ 2022ರ ಮೊದಲ ಆರು ತಿಂಗಳದಾಗ ಹನ್ನೊಂದು ಲಕ್ಷದ ಮ್ಯಾಲ ಚಂದಾದಾರರನ್ನ ಕಳಕೊಂಡಾಗ ಮಾಡಿದ್ದೂ ಇದನ್ನ, ಆ ನವೆಂಬರ್‌ದಾಗ ಅಮೆರಿಕಾದಂಥಾ ದೇಶದಾಗ ಜಾಹೀರಾತು ಇರೂ ಸೋವಿ ಪ್ಲ್ಯಾನ್ ತಂದ್ರು, ದೊಡ್ಡ ಪ್ಲ್ಯಾನ್ ದೊಡ್ಡದ ಉಳೀತು.

ಉಳಿತಾಯದಾಗ ಪಾಲು ತಗೊಳ್ಳೂದು ಅಂತ ಇನ್ನೊಂದು ಐತಿ, ನಿಮ್ಮ ಕರೆಂಟ್ ದಂಡ ಎಷ್ಟು ಉಳೀತೋ ಅದರಾಗ ಇಷ್ಟು ಪರ್ಸೆಂಟ್ ನಮಗ ಅಂತ. ಕೇಳಾಕ ಭಾಳ ಚಂದ. ನಾವು ಒಬ್ಬರ ಜೋಡಿ ಮಾಡಿದ್ವಿ, ಉಳಿತಾಯ ಆತು, ಆಮ್ಯಾಲ ಅವರಂದ್ರು "ಅದು ನಿಮ್ಮಿಂದಲ್ಲ, ನಮ್ಮದು ಪ್ರೊಡಕ್ಷನ್ ಕಡಿಮಿ ಇತ್ತು". ಅವರ ಮಾತೂ ಸುಳ್ಳಲ್ಲ! ಈ ತರ ಮಾಡೂದಿದ್ರ ಹಿಂದಿನ ಹನ್ನೆರಡು ತಿಂಗಳ ಬಿಲ್ಲು ಮುಂದಿಟ್ಟು, ಟನ್ನಿಗೆ ಎಷ್ಟು ಅಂತ ಲೆಕ್ಕಾ ಹಾಕಿ, ಸಹಿ ಮಾಡಿಸಿಕೊಂಡ ಮ್ಯಾಲ ಕೆಲಸಕ್ಕ ಕೈ ಹಚ್ಚರಿ. ಇಲ್ಲಾಂದ್ರ ಬಿಟ್ಟಬಿಡ್ರಿ.

ಮತ್ತ ಗಿರಾಕಿ ತಾನಾಗೇ ಬಿಲ್ಲು ಇಳಸ್ರಿ ಅಂದ್ರ ಮುಖ ಸಣ್ಣ ಮಾಡಬ್ಯಾಡ್ರಿ. 2022-23ರಾಗ ಅಮೆಜಾನಿನ ಕ್ಲೌಡ್ ವಿಭಾಗ ತನ್ನ ಗಿರಾಕಿಗಳಿಗೆ ಕ್ಲೌಡ್ ಬಿಲ್ಲು ಕಡಿಮಿ ಮಾಡ್ಕೊಳ್ಳಾಕ ತಾನ ಸಹಾಯ ಮಾಡ್ತು, ಅದರಿಂದ ಅವರ ಬೆಳವಣಿಗಿ 20 ಪರ್ಸೆಂಟ್ ಇದ್ದದ್ದು 2023ರ ಮಧ್ಯಕ್ಕ 12ಕ್ಕ ಬಂತು. ಹುಚ್ಚರೇನು ಅವರು? ಬಿಲ್ಲು ಸಣ್ಣದಾದ ಗಿರಾಕಿ ಮತ್ತ ಬೆಳೀತಾನ, ಬಿಟ್ಟು ಹೋದವ ತಿರಗಿ ಬರಂಗಿಲ್ಲ.

ಬಾಕಿ ವಸೂಲಿ, ಕಾನೂನು ಹಿಡಕೊಂಡು

ಕಬ್ಬು ಕೊಟ್ಟ 14 ದಿನದಾಗ ರೈತಗ ರೊಕ್ಕ ಕೊಡ್ಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಾಗ ಐತಿ. ಅದು ಎಷ್ಟರ ಮಟ್ಟಿಗೆ ನಡೀತೈತಿ ಅಂತ ನಮ್ಮ ಜಿಲ್ಲಾದಾಗ ಯಾವ ರೈತನ್ನ ಕೇಳಿದ್ರೂ ಹೇಳ್ತಾನ. ನಮಗೂ ಅಂಥಾದ್ದೊಂದು ಕಾನೂನು ಐತಿ, 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ. ಲಿಖಿತ ಒಪ್ಪಂದ ಇದ್ರ ಹೆಚ್ಚಂದ್ರ 45 ದಿನ, ಇರಲಿಲ್ಲಂದ್ರ 15 ದಿನದಾಗ ಸಣ್ಣ ಕಂಪನಿಗೆ ರೊಕ್ಕ ಕೊಡ್ಬೇಕು. ತಪ್ಪಿದ್ರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ತಿಂಗಳ ತಿಂಗಳ ಚಕ್ರಬಡ್ಡಿ. ಇದರ ಲಾಭ ತಗೋಬೇಕಂದ್ರ ಉದ್ಯಮ್ ರಿಜಿಸ್ಟ್ರೇಶನ್ ಬೇಕು, ಅದು ಪುಕ್ಕಟ, ಆನ್‌ಲೈನ್, ಆಧಾರ್, ಪ್ಯಾನ್, ಜಿಎಸ್‌ಟಿ ಇದ್ದವರಿಗೆ ಅದರ ನಂಬರು ಇದ್ರ ಸಾಕು. ಯಾರಿಗೂ ಎರಡು ಸಾವಿರ ಕೊಟ್ಟು ಮಾಡಿಸಬ್ಯಾಡ್ರಿ.

ಖರೇ ಹಲ್ಲು ಬಂದದ್ದು 2024ರ ಏಪ್ರಿಲ್‌ದಿಂದ. ಆದಾಯ ತೆರಿಗಿ ಕಾಯ್ದೆದಾಗ 43ಬಿ ಎಚ್ ಅಂತ ಸೇರಿಸಿದ್ರು, ಮೈಕ್ರೋ ಮತ್ತ ಸಣ್ಣ ಉದ್ಯಮಕ್ಕ ಟೈಮಿಗೆ ರೊಕ್ಕ ಕೊಡದಿದ್ರ, ರೊಕ್ಕ ಕೊಡೂ ವರ್ಷದ ತನಕ ಆ ಖರ್ಚನ್ನ ಕೊಳ್ಳೂ ಕಂಪನಿ ಲೆಕ್ಕದಾಗ ತೋರಿಸಾಕ ಬರಂಗಿಲ್ಲ, ಅಂದ್ರ ಅಷ್ಟಕ್ಕ ಟ್ಯಾಕ್ಸ್ ಬೀಳ್ತೈತಿ. ಹಿಂಗಾಗಿ ಈಗ ಫೆಬ್ರುವರಿ ಕಡಿಗೆ ನೀವು ಮಾಲಕರಿಗೆ ಫೋನ್ ಮಾಡೂದಲ್ಲ, ಅವರ ಅಕೌಂಟಂಟಿಗೆ ಮಾಡೂದು. ಇನ್ವಾಯ್ಸಿನ ಮ್ಯಾಲ ಉದ್ಯಮ್ ನಂಬರ್ ದಪ್ಪಗ ಹಾಕ್ರಿ, ಉಳದದ್ದು ಅವರ ಸಿಎ ಹೇಳ್ತಾರ. ಒಂದು ದೊಡ್ಡ ಕಾರ್ಖಾನಿಯಿಂದ ನಮಗ ಹದಿನಾಲ್ಕು ತಿಂಗಳದ ಬಾಕಿ ಹಿಂಗ ಮಾರ್ಚ್ ಕಡೇ ವಾರದಾಗ ಬಂತು. ಆಮ್ಯಾಲ ಅವರ ಆರ್ಡರ್ ಬರಲಿಲ್ಲ, ಅದೂ ಹೇಳ್ಬೇಕಲ್ಲ. ಈ ಕಾಯ್ದೆ ಹಿಡಕೊಂಡು ಸರ್ಕಾರದ ಆನ್‌ಲೈನ್ ಪೋರ್ಟಲ್‌ದಾಗ ಕಂಪ್ಲೇಂಟ್ ಹಾಕೂದು ಕಡೇ ಹೆಜ್ಜಿ, ಆ ಗಿರಾಕಿ ಮತ್ತ ಬ್ಯಾಡ ಅಂತ ಗಟ್ಟಿ ಆದ ಮ್ಯಾಲ ಮಾಡ್ರಿ.

ಹುಡುಗರ ವಿಷಯ

2009ರಾಗ ಮೈಕ್ರೋಸಾಫ್ಟ್ 5,000, 2022-23ರಾಗ ಮೆಟಾ ಎರಡು ಸಲ ಕೂಡಿ 21,000, ಗೂಗಲ್ 12,000 ಮಂದೀನ ತೆಗೀತೇವಿ ಅಂದ್ರು, ಅದನ್ನ ನೋಡಿ ನಾವೂ ಇಬ್ಬರನ್ನ ತಗದ್ರ ಶಾಣ್ಯಾರು ಅನ್ನಿಸ್ಕೋತೇವಿ ಅಂತ ತಿಳೀಬ್ಯಾಡ್ರಿ. ಅಲ್ಲಿ ಒಬ್ಬ ಹೋದ್ರ ಅವನ ಕೆಲಸ ಗೊತ್ತಿದ್ದವರು ಇನ್ನೂ ಹತ್ತು ಮಂದಿ ಇರ್ತಾರ. ನಮ್ಮಲ್ಲಿ ಫೌಂಡ್ರಿ ಮರಳು, ಬೈಂಡರ್, ರಿಜೆಕ್ಷನ್ ಇವೆಲ್ಲಾ ತಿಳದ ಕೋಡ್ ಬರಿಯೂ ಹುಡುಗಿ ಒಬ್ಬಾಕಿನ, ಆಕಿ ಹೋದ್ರ ಕಂಪನಿನ ಹೋದಂಗ. ಮೊದಲ ನಿಮ್ಮ ಪಗಾರ ನಿಲ್ಲಸ್ರಿ, ಆಮ್ಯಾಲ ಆಫೀಸ್ ಒಂದು ಖೋಲಿ ಬಿಡ್ರಿ, ಆಮ್ಯಾಲ ಎಲ್ಲಾರ ಮುಂದ 13 ವಾರದ ಶೀಟು ಇಟ್ಟು ಖರೇ ಹೇಳ್ರಿ. ನಾ ಮೊದಲನೇ ಸಲ ಮುಚ್ಚಿಟ್ಟೆ, ಹುಡುಗರು ಗುಸುಗುಸು ಅಂದು ಇಬ್ಬರು ಪುಣೆಗೆ ಹೋದ್ರು. ಎರಡನೇ ಸಲ ಶೀಟು ತೋರಿಸಿದೆ, ಆರು ತಿಂಗಳು ಮುಕ್ಕಾಲು ಪಗಾರಕ್ಕ ಒಪ್ಪಿ ಎಲ್ಲಾರೂ ಉಳದ್ರು, ಉಳದ ಕಾಲು ಭಾಗ ಬಾಕಿ ಅಂತ ಬರದು ಕೊಟ್ಟಿದ್ದೆ, ಆಮ್ಯಾಲ ಕೊಟ್ಟೆ.

ಇನ್ನೊಂದು ದಾರಿ, ಇಬ್ಬರನ್ನ ಪುಣೆ ಇಲ್ಲಾ ಬೆಂಗಳೂರಿನ ಕಂಪನಿ ಕೆಲಸಕ್ಕ ತಿಂಗಳ ರೇಟಿಗೆ ಹಚ್ಚೂದು, ಇಲ್ಲೇ ಕುಂತು. ಆ ರೊಕ್ಕದಾಗ ಉಳದವರ ಪಗಾರ ನಡೀತೈತಿ, ಪ್ರಾಡಕ್ಟ್ ಜೀವ ಹಿಡಕೊಂಡಿರ್ತೈತಿ. ಆದ್ರ ಇಬ್ಬರು ಅಂದ್ರ ಇಬ್ಬರನ. ಮೂರನೇದವನ್ನ ಕೇಳ್ತಾರ, ನಾಲ್ಕನೇದವನ್ನ ಕೇಳ್ತಾರ, ರೊಕ್ಕ ಚಲೋ ಬರ್ತೈತಿ, ಒಂದು ದಿನ ಎದ್ದು ನೋಡಿದ್ರ ನಿಮ್ಮ ಪ್ರಾಡಕ್ಟ್ ಮುಟ್ಟಾಕ ಯಾರೂ ಇರಂಗಿಲ್ಲ. ನಾವು ಒಪ್ಪಂದದಾಗನ ಒಂಬತ್ತು ತಿಂಗಳು ಅಂತ ತಾರೀಖು ಹಾಕಿದ್ವಿ, ಮನಿ ಗೋಡೆ ಕ್ಯಾಲೆಂಡರಿನ ಮ್ಯಾಲೂ ಬರದಿದ್ದೆ, ನಮ್ಮ ಮನಿಯಾಕಿ ಅದೇನು ಮದುವಿ ತಾರೀಖೇನ್ರಿ ಅಂತ ಕೇಳಿದ್ಲು.

ತಿರಗಿ ಮ್ಯಾಲ ಏಳೂವಾಗ

ಇಲ್ಲಿ ಅವಸರ ಮಾಡಬ್ಯಾಡ್ರಿ. ಪೇಪರಿನಾಗ ಮಾರ್ಕೆಟ್ ಏಳ್ತು ಅಂತ ಬಂದ ತಕ್ಷಣ ನಾಲ್ಕು ಮಂದೀನ ತಗೊಂಡು ಕುಂತ್ರ, ನಿಮ್ಮ ಗಿರಾಕಿ ತನಕ ಆ ನೀರು ಹರದು ಬರಾಕ ಇನ್ನೂ ಎರಡು ಮೂರು ತಿಂಗಳು ಬೇಕು. ನಾನು ಎರಡು ನೋಡ್ತೇನಿ. ಒಂದು, ಗಿರಾಕಿ ಬಾಕಿ ಕೊಡೂ ಸರಾಸರಿ ದಿನ, 90 ಇದ್ದದ್ದು 60ಕ್ಕ ಬಂತೇನು ಅಂತ. ಎರಡು, ಉದ್ಯಮಬಾಗದ ಮೂಲ್ಯಾಗ ರಾತ್ರಿ ಪಾಳಿಯವರಿಗೆ ಅಂತ ಹನ್ನೊಂದರ ಮ್ಯಾಲೂ ಸ್ಟೋವ್ ಹಚ್ಚೂ ಒಂದು ಚಹಾದಂಗಡಿ ಐತಿ. 2019ರ ಶ್ರಾವಣದಿಂದ ಅದು ಒಂಬತ್ತಕ್ಕ ಬಾಗಲಾ ಹಾಕ್ತಿತ್ತು, ನಾನು ಹೊಸಾ ಹುಡುಗನ್ನ ತಗೊಂಡದ್ದು ಅದರ ಸ್ಟೋವ್ ಮತ್ತ ರಾತ್ರಿ ಹನ್ನೊಂದಕ್ಕ ಉರಿಯೂದನ್ನ ಸತತ ಮೂರು ವಾರ ನೋಡಿದ ಮ್ಯಾಲ.